ಟ್ರಾನ್ಸ್ ಹೆಣ್ಣು, ಟ್ರಾನ್ಸ್ ಗಂಡು: ಇಬ್ಬರ ಪಾಡೂ ಒಂದೇನಾ?

ತಂಗಾಳಿ

ನಮ್ಮ ನಡುವೆ ಆಗಾಗ ಕಿವಿಗೆ ಬೀಳುವ ಮಾತೊಂದಿದೆ. ‘ಟ್ರಾನ್ಸ್ ಗಂಡಸರದ್ದು ಬಿಡಿ, ಸ್ವಲ್ಪ ದಿನ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ತಗೊಂಡರೆ ದನಿ ಒಡೆಯುತ್ತೆ, ಗಡ್ಡ ಬರುತ್ತೆ, ಯಾರಿಗೂ ಗೊತ್ತಾಗಲ್ಲ. ಕಷ್ಟ ಪಡೋದೆಲ್ಲ ನಾವೇ.’ ನಾನು ಟ್ರಾನ್ಸ್ ಹೆಣ್ಣು, ಅಂದರೆ ಹುಟ್ಟಿದಾಗ ಗಂಡು ಅಂತ ಬರೆಸಿದ್ದರೂ ಹೆಣ್ಣಾಗಿ ಬದುಕುವವಳು. ಟ್ರಾನ್ಸ್ ಗಂಡಸರದ್ದು ಇದರ ತಲೆಕೆಳಗು. ದೇಹದ ಮಟ್ಟಿಗೆ ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ‘ಯಾರಿಗೂ ಗೊತ್ತಾಗಲ್ಲ’ ಅನ್ನುವುದಕ್ಕೂ ‘ಕಷ್ಟ ಇಲ್ಲ’ ಅನ್ನುವುದಕ್ಕೂ ತುಂಬಾ ದೂರ ಇದೆ ಅಂತ ಈಚೆಗೆ ಅನ್ನಿಸುತ್ತಿದೆ. ಅದಕ್ಕೇ ಕೇಳುತ್ತಿದ್ದೇನೆ.

ಮೊದಲು ನಮ್ಮ ಕಡೆಯದ್ದು ಹೇಳಿಬಿಡುತ್ತೇನೆ. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಮಾಡಿಟ್ಟು ಹೋದ ಕೆಲಸವನ್ನು ನಾವು ತಗೊಳ್ಳುವ ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್ ಅಳಿಸುವುದಿಲ್ಲ. ಚರ್ಮ ಮೆತ್ತಗಾಗುತ್ತದೆ, ಎದೆ ಬೆಳೆಯುತ್ತದೆ, ಸೊಂಟದ ಸುತ್ತ ತುಂಬಿಕೊಳ್ಳುತ್ತದೆ. ಇದಕ್ಕೂ ಎರಡು ಮೂರು ವರ್ಷ ಬೇಕು. ದನಿ ಮಾತ್ರ ಇದ್ದ ಹಾಗೇ ಇರುತ್ತದೆ. ಎತ್ತರ, ಭುಜದ ಅಗಲ, ಅಂಗೈ, ದವಡೆಯ ಮೂಳೆ ಇವೂ ಅಷ್ಟೇ. ಗಡ್ಡ ಸ್ವಲ್ಪ ತೆಳ್ಳಗಾದೀತು, ಹೋಗುವುದಿಲ್ಲ. ಲೇಸರ್ ಕಪ್ಪು ಕೂದಲಿಗೆ ಕೆಲಸ ಮಾಡುತ್ತದೆ, ನರೆತ ಕೂದಲಿಗೆ ಮಾಡುವುದಿಲ್ಲ. ಗಡ್ಡ ನರೆತ ಮೇಲೆ ಶುರು ಮಾಡಿದವರಿಗೆ ಉಳಿಯುವುದು ಎಲೆಕ್ಟ್ರೋಲಿಸಿಸ್ ಒಂದೇ. ಒಂದೊಂದೇ ಕೂದಲ ಬುಡಕ್ಕೆ ಸೂಜಿ ಇಳಿಸಿ ಸುಡುತ್ತಾರೆ.

ನನ್ನ ಬೆಳಗ್ಗೆ ಹೀಗಿರುತ್ತದೆ: ಎರಡು ಸಲ ಶೇವ್. ಆಮೇಲೂ ಮೇಲ್ತುಟಿಯ ಮೇಲೆ ನೀಲಿ ನೆರಳು ಕಾಣುತ್ತದೆ. ಅದರ ಮೇಲೆ ಕಿತ್ತಳೆ ಬಣ್ಣದ ಕರೆಕ್ಟರ್ ಬೆರಳ ತುದಿಯಲ್ಲಿ ತಟ್ಟಬೇಕು, ಉಜ್ಜಬಾರದು. ಅದರ ಮೇಲೆ ಫೌಂಡೇಶನ್, ಮೇಲೆ ಪೌಡರ್. ಮಧ್ಯಾಹ್ನ ಕಳೆದ ಮೇಲೆ ಬೆವರಿಗೆ ಎಲ್ಲ ಕರಗಿ, ಕೆಳಗಿನಿಂದ ಗಡ್ಡ ಮೊಳೆಯಲು ಶುರು. ಆಫೀಸಿನ ಮೀಟಿಂಗ್‌ಗಳು ಯಾಕೆ ಯಾವಾಗಲೂ ಸಂಜೆಗೇ ಇರುತ್ತವೋ.

ಇದಕ್ಕಿಂತ ಜಾಸ್ತಿ ಸುಸ್ತು ಮಾಡುವುದು ನೋಡುವವರ ಕಣ್ಣು. ಸೂಸನ್ ಕೆಸ್ಲರ್ ಮತ್ತು ವೆಂಡಿ ಮೆಕೆನ್ನಾ ಅಂತ ಇಬ್ಬರು ಅಮೆರಿಕನ್ ಸಂಶೋಧಕಿಯರು ಗಂಡು ಹೆಣ್ಣು ಎರಡರ ಗುರುತುಗಳನ್ನೂ ಬೆರೆಸಿದ ಮನುಷ್ಯರ ಚಿತ್ರಗಳನ್ನು ಜನರಿಗೆ ತೋರಿಸಿ ‘ಇದು ಯಾರು’ ಅಂತ ಕೇಳಿದ್ದರು. 1978ರಲ್ಲಿ ಅದು ಪ್ರಕಟವಾಯಿತು. ಗುರುತುಗಳು ಬೆರೆತಾಗ ಹೆಚ್ಚಿನವರು ‘ಗಂಡು’ ಅಂದರು. ಗಂಡು ಅನ್ನಿಸಿಕೊಳ್ಳಲು ಎದ್ದು ಕಾಣುವ ಒಂದು ಗುರುತು ಸಾಕು. ಹೆಣ್ಣು ಅನ್ನಿಸಿಕೊಳ್ಳಲು ಗಂಡಿನ ಗುರುತು ಒಂದೂ ಉಳಿದಿರಬಾರದು. ಇದನ್ನು ಓದಿದಾಗ ನನಗೆ ಅಳುವೂ ಬಂತು, ಒಂಥರಾ ಸಮಾಧಾನವೂ ಆಯಿತು. ಲಿಪ್‌ಸ್ಟಿಕ್ ಬಣ್ಣ ಬದಲಿಸಿದರೆ ಸರಿಹೋಗುವ ವಿಷಯ ಇದಲ್ಲ ಅಂತಾಯಿತಲ್ಲ.

ಟ್ರಾನ್ಸ್ ಗಂಡಸರೇ, ನಿಮ್ಮದು ಹೇಳಿ.

ಹಳೇ ರೇಡಿಯೋ

ತಂಗಾಳಿ ಅಕ್ಕ, ಕೇಳಿದ್ದು ಒಳ್ಳೆಯದಾಯಿತು. ನಾನು ಟ್ರಾನ್ಸ್ ಗಂಡು, ಟೆಸ್ಟೋಸ್ಟೆರಾನ್ ಶುರು ಮಾಡಿ ಬಹಳ ವರ್ಷವಾಯಿತು. ಈಗ ನನ್ನನ್ನು ನೋಡಿ ಯಾರೂ ಅನುಮಾನ ಪಡುವುದಿಲ್ಲ. ನೀವು ಹೇಳಿದ ಬೆಳಗಿನ ಪಾಡು ನನಗಿಲ್ಲ, ಆ ಅನುಕೂಲ ನನಗೆ ಇದೆ. ಇಲ್ಲ ಅಂತ ನಾಟಕ ಆಡುವುದಿಲ್ಲ.

ಆದರೆ ‘ಸ್ವಲ್ಪ ದಿನ’ ಅಂದಿರಲ್ಲ, ಅದು ಅಷ್ಟು ಸ್ವಲ್ಪ ಅಲ್ಲ. ದನಿ ಮೊದಲ ಕೆಲವು ತಿಂಗಳಲ್ಲಿ ಒಡೆಯಲು ಶುರುವಾಗಿ, ನೆಲೆ ನಿಲ್ಲಲು ಒಂದೆರಡು ವರ್ಷ ಆಗುತ್ತದೆ. ಗಡ್ಡ ತುಂಬಿ ಬರಲು ನಾಲ್ಕೈದು ವರ್ಷ. ಅಲ್ಲಿಯವರೆಗೆ ನಾವು ಯಾರ ಹಾಗೆ ಕಾಣುತ್ತೇವೆ ಗೊತ್ತಾ? ಹೈಸ್ಕೂಲ್ ಹುಡುಗರ ಹಾಗೆ. ಮೂವತ್ತರ ವಯಸ್ಸಿನಲ್ಲಿ ಬ್ಯಾಂಕಿಗೆ ಹೋದರೆ ‘ಅಪ್ಪ ಅಮ್ಮ ಬಂದಿಲ್ವಾ’ ಅನ್ನುತ್ತಾರೆ. ಕೆಲಸದ ಜಾಗದಲ್ಲಿ ‘ಏ ಮರಿ’ ಅಂತಾರೆ. ಹತ್ತು ವರ್ಷದ ಅನುಭವ ಇದೆ ಅಂದರೆ ನಗುತ್ತಾರೆ. ಇನ್ನು ಎತ್ತರ. ನೀವು ಎತ್ತರ ಜಾಸ್ತಿ ಆಯಿತು ಅಂತ ಬೆನ್ನು ಬಗ್ಗಿಸಿ ನಡೆಯುತ್ತೀರಿ, ನಾವು ಶೂ ಒಳಗೆ ದಪ್ಪ ಸೋಲ್ ತುರುಕಿಕೊಂಡು ನಡೆಯುತ್ತೇವೆ.

ಎದೆಯ ವಿಷಯ ಇನ್ನೊಂದು. ಆಪರೇಷನ್ ಆಗುವವರೆಗೆ ಬೈಂಡರ್, ಅಂದರೆ ಎದೆ ಚಪ್ಪಟೆಯಾಗಿ ಕಾಣುವಂತೆ ಬಿಗಿಯುವ ಒಳ ಉಡುಪು. ಹೆಚ್ಚೆಂದರೆ ಎಂಟು ಗಂಟೆ ಹಾಕಬೇಕು ಅನ್ನುತ್ತಾರೆ. ಆಫೀಸು, ಓಡಾಟ ಸೇರಿಸಿದರೆ ಹನ್ನೆರಡು ಗಂಟೆ ಆಗೇ ಆಗುತ್ತದೆ. ಪಕ್ಕೆಲುಬು ನೋಯುತ್ತದೆ, ಮೆಟ್ಟಿಲು ಹತ್ತುವಾಗ ಉಸಿರು ಪೂರ್ತಿ ಎಳೆಯಲು ಆಗುವುದಿಲ್ಲ. ಹೊಸಬರಿಗೆ ಒಂದು ಮಾತು: ಬ್ಯಾಂಡೇಜ್ ಬಟ್ಟೆ ಸುತ್ತಿಕೊಳ್ಳಬೇಡಿ. ಉಸಿರಾಡಿದ ಹಾಗೆಲ್ಲ ಅದು ಬಿಗಿಯಾಗುತ್ತಾ ಹೋಗುತ್ತದೆ.

ಟಾಯ್ಲೆಟ್ ಅಂದ ತಕ್ಷಣ ಎಲ್ಲರೂ ಹೆಂಗಸರ ಟಾಯ್ಲೆಟ್ ಬಗ್ಗೆ ಜಗಳ ಆಡುತ್ತಾರೆ. ಗಂಡಸರದ್ದರ ಒಳಗೆ ನಾನು ಏನು ಮಾಡುತ್ತೇನೆ ಅಂತ ಯಾರೂ ಕೇಳುವುದಿಲ್ಲ. ಬಾಗಿಲಿರುವ ಒಂದೇ ಕ್ಯಾಬಿನ್, ಅದರ ಚಿಲಕ ಮುರಿದಿರುತ್ತದೆ. ಮುಟ್ಟು ನಿಲ್ಲುವ ಮುಂಚಿನ ತಿಂಗಳುಗಳಲ್ಲಿ ಅಲ್ಲಿ ಕಸದ ಬುಟ್ಟಿಯೇ ಇರುತ್ತಿರಲಿಲ್ಲ. ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿನೊಳಗೆ ಇಟ್ಟುಕೊಂಡು ಮನೆವರೆಗೂ ತರುತ್ತಿದ್ದೆ. ಹೊರಗೆ ನಿಂತವನಿಗೆ ಪ್ಯಾಡಿನ ಕವರ್ ಹರಿಯುವ ಸದ್ದು ಕೇಳಿಸಬಾರದು ಅಂತ ಅದೇ ಹೊತ್ತಿಗೆ ಕೆಮ್ಮುವುದನ್ನು ಕಲಿತೆ.

ಮುಂಗೋಪಿ

ಓದಿದೆ. ಬೇಜಾರಾಯಿತು. ಆದರೂ ‘ಇಬ್ಬರದೂ ಸಮ ಕಷ್ಟ’ ಅನ್ನುವ ಕಡೆಗೆ ಈ ಚರ್ಚೆ ಜಾರುತ್ತಿದ್ದರೆ ನಾನು ಒಪ್ಪುವುದಿಲ್ಲ.

ಪ್ರತಿ ವರ್ಷ ನವೆಂಬರ್ 20ಕ್ಕೆ ಕೊಲೆಯಾದ ಟ್ರಾನ್ಸ್ ಜನರ ಹೆಸರು ಓದುತ್ತಾರೆ. ಅಮೆರಿಕದಲ್ಲಿ ರೀಟಾ ಹೆಸ್ಟರ್ ಅನ್ನುವ ಕಪ್ಪು ಟ್ರಾನ್ಸ್ ಮಹಿಳೆಯನ್ನು 1998ರಲ್ಲಿ ಕೊಂದ ಮೇಲೆ, 1999ರಿಂದ ಶುರುವಾದ ದಿನ ಅದು. ಆ ಪಟ್ಟಿ ಒಮ್ಮೆ ನೋಡಿ. ಬಹುಪಾಲು ಹೆಂಗಸರೇ. ಅದರಲ್ಲೂ ಬಡವರು, ಲೈಂಗಿಕ ದುಡಿಮೆಯಲ್ಲಿ ಇದ್ದವರು, ಕಪ್ಪು ಮತ್ತು ಕಂದು ಬಣ್ಣದವರು. ಬೀದಿಯಲ್ಲಿ ಹೋಗುವಾಗ ನನ್ನನ್ನು ಹಿಂಬಾಲಿಸಿದವನು ಮೊದಲು ಹೆಂಗಸು ಅಂತ ಹಿಂಬಾಲಿಸಿದ. ಹತ್ತಿರ ಬಂದು ದನಿ ಕೇಳಿದ ಮೇಲೆ ಹೊಡೆಯಲು ಕೈ ಎತ್ತಿದ. ಪಾಸ್ ಆದರೂ, ಅಂದರೆ ಟ್ರಾನ್ಸ್ ಅಂತ ನೋಡಿದವರಿಗೆ ಗೊತ್ತಾಗದಿದ್ದರೂ ತಪ್ಪು, ಆಗದಿದ್ದರೂ ತಪ್ಪು. ಕೆಮ್ಮಿ ಸದ್ದು ಮುಚ್ಚುವುದೂ ಇದೂ ಒಂದೇ ಅಂತ ದಯವಿಟ್ಟು ಹೇಳಬೇಡಿ.

ಹಳೇ ರೇಡಿಯೋ

ಒಂದೇ ಅನ್ನುತ್ತಿಲ್ಲ ಅಕ್ಕ. ಬೀದಿಯಲ್ಲಿ ನಿಮಗಿರುವ ಅಪಾಯ ನನಗಿಲ್ಲ. ಅದು ನಿಜ, ಅದರ ಮೇಲೆ ವಾದವೇ ಇಲ್ಲ.

ಆದರೆ ಪಟ್ಟಿಗೆ ಬಾರದ್ದೂ ಇರುತ್ತದಲ್ಲ. 2015ರಲ್ಲಿ ಅಮೆರಿಕದಲ್ಲಿ 27,715 ಟ್ರಾನ್ಸ್ ಜನರನ್ನು ಕೇಳಿ ಒಂದು ದೊಡ್ಡ ಸಮೀಕ್ಷೆ ಮಾಡಿದರು. ಬದುಕಿನಲ್ಲಿ ಒಮ್ಮೆಯಾದರೂ ಲೈಂಗಿಕ ದೌರ್ಜನ್ಯ ಅನುಭವಿಸಿದೆವು ಅಂದವರು 47%. ಆ ಲೆಕ್ಕದಲ್ಲಿ ಟ್ರಾನ್ಸ್ ಗಂಡಸರ ಪಾಲು ಟ್ರಾನ್ಸ್ ಹೆಂಗಸರ ಪಾಲಿಗಿಂತ ಹೆಚ್ಚೇ ಇತ್ತು. ನಾವು ಯಾರ ಹತ್ತಿರ ಹೋಗಿ ಹೇಳುವುದು? ಗಡ್ಡ ಬಿಟ್ಟವನು ದೂರು ಕೊಡಲು ಹೋದರೆ ಮೊದಲು ತನ್ನ ದೇಹದ ಇತಿಹಾಸ ಬಿಚ್ಚಿಡಬೇಕು. ಅದಕ್ಕಿಂತ ಸುಮ್ನೆ ಇರುವುದೇ ವಾಸಿ ಅಂತ ಇದ್ದುಬಿಡುತ್ತಾರೆ.

ಬ್ರಾಂಡನ್ ಟೀನಾ ಅನ್ನುವ ಟ್ರಾನ್ಸ್ ಹುಡುಗನ ಹೆಸರು ಕೇಳಿರುತ್ತೀರಿ. ಅಮೆರಿಕದ ನೆಬ್ರಾಸ್ಕಾದಲ್ಲಿ 1993ರ ಕೊನೆಯ ವಾರ ಅವನು ಟ್ರಾನ್ಸ್ ಅಂತ ಗೊತ್ತಾದಾಗ ಇಬ್ಬರು ಅತ್ಯಾಚಾರ ಮಾಡಿದರು. ಅವನು ದೂರು ಕೊಟ್ಟ. ಅಧಿಕಾರಿ ಅವನ ದೇಹದ ಬಗ್ಗೆಯೇ ಕೇಳುತ್ತಾ ಕೂತ. ಆ ಇಬ್ಬರನ್ನು ಬಂಧಿಸಲಿಲ್ಲ. ಡಿಸೆಂಬರ್ 31ರಂದು ಅವರೇ ಬಂದು ಅವನನ್ನು ಕೊಂದರು. ಅಲ್ಲಿಯವರೆಗೆ ಅವನು ಆರಾಮಾಗಿ ಪಾಸ್ ಆಗುತ್ತಿದ್ದ. ನಾನು ಹೇಳುತ್ತಿರುವುದು ಇಷ್ಟೇ: ನಿಮಗೆ ಪ್ರತಿದಿನ ಬಾಗಿಲಲ್ಲೇ ತಡೆ. ನನಗೆ ಒಳಗೆ ಬಿಟ್ಟಿದ್ದಾರೆ, ಆದರೆ ಯಾವತ್ತು ಹೊರಗೆ ಎಳೆಯುತ್ತಾರೋ ಗೊತ್ತಿಲ್ಲ.

ಮುಂಗೋಪಿ

ಸರಿ. ‘ಸಮ’ ಅನ್ನುವ ಮಾತು ಬಿಟ್ಟರೆ ಉಳಿದದ್ದು ಒಪ್ಪಿದೆ.

ಕಡತಪ್ರಿಯ

ಸಂಬಳದ ಲೆಕ್ಕ ಯಾರೂ ತರಲಿಲ್ಲ ಅಂತ ಬಂದೆ. 2008ರಲ್ಲಿ ಕ್ರಿಸ್ಟನ್ ಶಿಲ್ಟ್ ಮತ್ತು ಮ್ಯಾಥ್ಯೂ ವಿಸ್ವಾಲ್ ಅಮೆರಿಕದ ಟ್ರಾನ್ಸ್ ನೌಕರರ ಸಂಬಳವನ್ನು ಟ್ರಾನ್ಸಿಶನ್‌ಗೆ (ಗಂಡಾಗಿ ಅಥವಾ ಹೆಣ್ಣಾಗಿ ಬದುಕು ಬದಲಿಸಿಕೊಳ್ಳುವುದಕ್ಕೆ) ಮುಂಚೆ, ಆಮೇಲೆ ಅಂತ ಹೋಲಿಸಿದರು. ಟ್ರಾನ್ಸ್ ಹೆಂಗಸರ ಸರಾಸರಿ ಗಳಿಕೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕುಸಿದಿತ್ತು. ಟ್ರಾನ್ಸ್ ಗಂಡಸರದ್ದು ಕೊಂಚ ಏರಿತ್ತು. ಅದೇ ಮನುಷ್ಯ, ಅದೇ ಓದು, ಅದೇ ಅನುಭವ.

ಸ್ಟ್ಯಾನ್‌ಫರ್ಡ್‌ನಲ್ಲಿ ಬೆನ್ ಬ್ಯಾರೆಸ್ ಅಂತ ನರವಿಜ್ಞಾನಿ ಇದ್ದರು, 1997ರಲ್ಲಿ ಟ್ರಾನ್ಸಿಶನ್ ಆದವರು. ಅವರ ಒಂದು ಉಪನ್ಯಾಸ ಕೇಳಿದ ಯಾರೋ, ‘ಇವರ ಕೆಲಸ ಇವರ ತಂಗಿಯ ಕೆಲಸಕ್ಕಿಂತ ಎಷ್ಟೋ ವಾಸಿ’ ಅಂದರಂತೆ. ಆ ‘ತಂಗಿ’ ಅವರೇ! ಹಳೆಯ ಹೆಸರಿನಲ್ಲಿ ಬಂದಿದ್ದ ಪೇಪರುಗಳನ್ನು ಬೇರೆ ಯಾರದ್ದೋ ಅಂದುಕೊಂಡಿದ್ದರು. 2006ರಲ್ಲಿ ಬ್ಯಾರೆಸ್ ಇದನ್ನು ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಅದೇ ವಿಶ್ವವಿದ್ಯಾಲಯದಲ್ಲಿ ಜೋನ್ ರಫ್‌ಗಾರ್ಡನ್ ಅನ್ನುವ ಜೀವವಿಜ್ಞಾನಿ 1998ರಲ್ಲಿ ಹೆಣ್ಣಾಗಿ ಟ್ರಾನ್ಸಿಶನ್ ಆದರು. ಅವರ ಅನುಭವ ಪೂರ್ತಿ ತಲೆಕೆಳಗು. ಮೊದಲು ಅವರ ಮಾತಿಗೆ ಸಿಗುತ್ತಿದ್ದ ಬೆಲೆ ಆಮೇಲೆ ಸಿಗಲಿಲ್ಲ.

ಅಂದರೆ ಟ್ರಾನ್ಸ್ ಹೆಂಗಸಿಗೆ ಎರಡು ಏಟು. ಟ್ರಾನ್ಸ್ ಅಂತ ಒಂದು, ಹೆಂಗಸು ಅಂತ ಇನ್ನೊಂದು. ಪೂರ್ತಿ ಪಾಸ್ ಆದರೆ ಮೊದಲನೆಯದು ತಪ್ಪೀತು, ಎರಡನೆಯದು ಖಾತ್ರಿಯಾಗುತ್ತದೆ.

ಗಸ್ತುತಿರುಗಿ

ಕಡತಪ್ರಿಯ ಅವರೇ, ಆ ‘ಕೊಂಚ ಏರಿತು’ ಎಲ್ಲರಿಗೂ ಅಲ್ಲ. ಶಿಲ್ಟ್ ಅವರೇ ಟ್ರಾನ್ಸ್ ಗಂಡಸರನ್ನು ಮಾತಾಡಿಸಿ ಬರೆದಿದ್ದರಲ್ಲಿ, ಹೆಚ್ಚು ಲಾಭ ಆಗಿದ್ದು ಎತ್ತರದ ಬಿಳಿ ಗಂಡಸರಿಗೆ. ಕುಳ್ಳಗಿದ್ದವರಿಗೆ, ಬಿಳಿಯರಲ್ಲದವರಿಗೆ ಅಷ್ಟು ಸಿಗಲಿಲ್ಲ. ಕಪ್ಪು ಟ್ರಾನ್ಸ್ ಗಂಡಸರು ಹೇಳುವುದು ಕೇಳಿ. ಮೊದಲು ಅವರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಗಡ್ಡ ಬಂದ ಮೇಲೆ ಅಂಗಡಿಯಲ್ಲಿ ಹಿಂದೆ ಹಿಂದೆ ಬರುತ್ತಾರೆ, ಪೊಲೀಸರು ನಿಲ್ಲಿಸುತ್ತಾರೆ. ಗಂಡಸಾಗಿ ಪಾಸ್ ಆಗುವುದು ಅಂದರೆ ಯಾವ ಗಂಡಸಾಗಿ ಅಂತಲೂ ಕೇಳಬೇಕು.

ನಾನೂ ಟ್ರಾನ್ಸ್ ಗಂಡು, ನನ್ನದೇ ಒಂದು ಚಿಕ್ಕ ವಿಷಯ. ಮೊದಲು ರಾತ್ರಿ ಒಬ್ಬನೇ ನಡೆಯುವಾಗ ನನಗೆ ಹೆದರಿಕೆ. ಈಗ ಮುಂದೆ ನಡೆಯುವ ಹೆಂಗಸು ನನ್ನ ಹೆಜ್ಜೆ ಸದ್ದು ಕೇಳಿ ಬೇಗ ಬೇಗ ಹೆಜ್ಜೆ ಹಾಕುತ್ತಾಳೆ. ನಾನು ರಸ್ತೆ ದಾಟಿ ಆ ಕಡೆ ಹೋಗಿಬಿಡುತ್ತೇನೆ. ಅವಳ ಹೆದರಿಕೆ ಎಂಥದ್ದು ಅಂತ ನನಗೆ ಗೊತ್ತಲ್ಲ.

ಷಡ್ಜ

ನಾನು ಧ್ವನಿ ತರಬೇತಿ ಕೊಡುವವಳು. ಟ್ರಾನ್ಸ್ ಅಲ್ಲ. ದನಿಯ ಬಗ್ಗೆ ಒಂದೆರಡು ಮಾತು ಸೇರಿಸಲೇ?

ಸಾಮಾನ್ಯವಾಗಿ ಗಂಡಸರ ಮಾತಿನ ಸ್ಥಾಯಿ (ದನಿಯ ಏರು ತಗ್ಗು) 100ರಿಂದ 130 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನದ ಸುತ್ತ, ಹೆಂಗಸರದ್ದು 180ರಿಂದ 220ರ ಸುತ್ತ ಇರುತ್ತದೆ. ನನ್ನ ಹತ್ತಿರ ಬರುವ ಟ್ರಾನ್ಸ್ ಹೆಂಗಸರೆಲ್ಲ ಮೊದಲು ಈ ಸಂಖ್ಯೆ ಹಿಡಿದುಕೊಂಡು ಸ್ಥಾಯಿ ಏರಿಸಲು ನೋಡುತ್ತಾರೆ. ಅದರಿಂದ ಕೀರಲು ದನಿ ಬರುತ್ತದೆ, ಗಂಟಲು ಕೆಡುತ್ತದೆ. ಕೇಳುವವರ ಕಿವಿ ಸ್ಥಾಯಿಯ ಜೊತೆಗೆ ಅನುರಣನವನ್ನೂ ಹಿಡಿಯುತ್ತದೆ. ಸದ್ದು ಎದೆಯಲ್ಲಿ ಗುಂಯ್ ಅನ್ನುತ್ತದೋ, ಬಾಯಿಯ ಮುಂಭಾಗದಲ್ಲಿ ಮೊಳಗುತ್ತದೋ ಅನ್ನುವುದು. ಎಂಜಲು ನುಂಗುವಾಗ ಧ್ವನಿಪೆಟ್ಟಿಗೆ ಮೇಲೆ ಏರುತ್ತದಲ್ಲ, ಕತ್ತಿನ ಮೇಲೆ ಬೆರಳಿಟ್ಟು ನೋಡಿ. ಆ ಏರಿಕೆಯನ್ನು ಸ್ವಲ್ಪ ಹಿಡಿದುಕೊಂಡು ಮಾತಾಡುವ ಅಭ್ಯಾಸ ಅದು. ತಿಂಗಳುಗಟ್ಟಲೆ ಬೇಕು. ಸೀನಿದಾಗ, ನಕ್ಕಾಗ, ನಿದ್ದೆಯಿಂದ ಎದ್ದ ತಕ್ಷಣ ಹಳೆ ದನಿ ಬರುತ್ತದೆ. ಬರಲಿ.

ಟ್ರಾನ್ಸ್ ಗಂಡಸರಿಗೆ ಟೆಸ್ಟೋಸ್ಟೆರಾನ್ ಧ್ವನಿತಂತುಗಳನ್ನು ದಪ್ಪ ಮಾಡಿಕೊಡುತ್ತದೆ, ಹೌದು. ಆದರೆ ಗಂಟಲಿನ ಅಳತೆ ಹೆಚ್ಚು ಬದಲಾಗುವುದಿಲ್ಲ. ಕೆಲವರಿಗೆ ದನಿ ತಗ್ಗಿದರೂ ಫೋನಿನಲ್ಲಿ ‘ಹೇಳಿ ಮೇಡಂ’ ತಪ್ಪುವುದಿಲ್ಲ. ‘ಹಾರ್ಮೋನ್ ಎಲ್ಲ ಮಾಡುತ್ತೆ’ ಅಂತ ಕಾದು ಕೂತವರು ನನ್ನ ಹತ್ತಿರ ತಡವಾಗಿ ಬರುತ್ತಾರೆ. ಹಾಡುವವರಿಗಂತೂ ಹಳೆಯ ಮೇಲಿನ ಸ್ವರಗಳು ಹೋಗುತ್ತವೆ. ಅದರ ದುಃಖವನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆ. ಬೇಕಂತ ಬಂದ ದನಿ ತಾನೇ ಅಂತ.

ನೆಲಸಂಪಿಗೆ

ನನ್ನ ತಮ್ಮ ಟ್ರಾನ್ಸ್ ಗಂಡು. ಅಕ್ಕನಾಗಿ ನಾನು ಕಂಡದ್ದು ಹೇಳುತ್ತೇನೆ.

ಅವನು ಚಿಕ್ಕವನಿದ್ದಾಗ ಪ್ಯಾಂಟು ಹಾಕಿ ಕೂದಲು ಕತ್ತರಿಸಿಕೊಂಡರೆ ಮನೆಯವರು ‘ನಮ್ಮ ಮಗಳು ಗಂಡು ಮಗುವಿನ ಹಾಗೆ’ ಅಂತ ಹೆಮ್ಮೆ ಪಡುತ್ತಿದ್ದರು. ಯಾರೂ ಹೊಡೆಯಲಿಲ್ಲ. ಆಮೇಲೆ ‘ನಾನು ಗಂಡೇ’ ಅಂದಾಗಲೂ ಯಾರೂ ಹೊಡೆಯಲಿಲ್ಲ. ನಂಬಲಿಲ್ಲ, ಅಷ್ಟೇ. ‘ಗಂಡಸರಿಗಿರುವ ಸ್ವಾತಂತ್ರ್ಯ ಬೇಕು ಅಂತ ಹೇಳ್ತಿದಾಳೆ’, ‘ಯಾರೋ ತಲೆ ಕೆಡಿಸಿದಾರೆ’, ‘ಮದುವೆ ಆದ್ರೆ ಸರಿಹೋಗುತ್ತೆ’. ಅವನ ಮಾತು ಅವನದೇ ಅಂತ ಒಪ್ಪಲು ಯಾರೂ ತಯಾರಿಲ್ಲ. ಬೈಗುಳ ಆಗಿದ್ದರೆ ಎದುರು ಮಾತಾಡಬಹುದಿತ್ತು. ಮರುಕಕ್ಕೆ ಏನು ಮಾಡುವುದು?

ಅದೇ ನಮ್ಮ ಪರಿಚಯದವರ ಮನೆಯಲ್ಲಿ ಹುಡುಗ ಅಂದುಕೊಂಡಿದ್ದ ಮಗು ಅಕ್ಕನ ಲಂಗ ಹಾಕಿದ್ದಕ್ಕೆ ಬಾಸುಂಡೆ ಬರುವ ಹಾಗೆ ಹೊಡೆದರು. ಗಂಡಾಗಬೇಕು ಅನ್ನುವುದು ಜನಕ್ಕೆ ಅರ್ಥವಾಗುವ ಆಸೆ. ಹೆಣ್ಣಾಗಬೇಕು ಅಂದರೆ ಮರ್ಯಾದೆ ಕಳೆದ ಹಾಗೆ. ಎರಡರ ಹಿಂದೆಯೂ ಇರುವುದು ಒಂದೇ ಲೆಕ್ಕಾಚಾರ, ಹೆಣ್ಣು ಅಂದರೆ ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ಒಬ್ಬರ ಮೇಲೆ ಅಸಹ್ಯ, ಇನ್ನೊಬ್ಬರ ಮೇಲೆ ಅಪನಂಬಿಕೆ.

ತಂಗಾಳಿ

ನೆಲಸಂಪಿಗೆ ಅವರೇ, ‘ಅಸಹ್ಯ, ಅಪನಂಬಿಕೆ’. ನಾನು ಕೇಳಬೇಕು ಅಂತಿದ್ದದ್ದು ಇದನ್ನೇ. ನನ್ನ ಬಗ್ಗೆ ಜನ ಎಷ್ಟೇ ಕೆಟ್ಟದಾಗಿ ಮಾತಾಡಲಿ, ‘ಪಾಪ, ಯಾರೋ ತಲೆ ಕೆಡಿಸಿದಾರೆ’ ಅಂತ ಯಾರೂ ಅಂದಿಲ್ಲ. ನಾನೇ ಯಾರದೋ ತಲೆ ಕೆಡಿಸಲು ಬಂದವಳು ಅಂತ ನೋಡುತ್ತಾರೆ.

ಕಡತಪ್ರಿಯ

ಇತಿಹಾಸದಲ್ಲೂ ಹೀಗೇ ಆಗಿದೆ. 1952ರ ಡಿಸೆಂಬರ್ 1ರಂದು ಕ್ರಿಸ್ಟೀನ್ ಜಾರ್ಗೆನ್ಸನ್ ಸುದ್ದಿ ನ್ಯೂಯಾರ್ಕಿನ ಪತ್ರಿಕೆಯ ಮುಖಪುಟದಲ್ಲಿ ಬಂತು. ಮಾಜಿ ಸೈನಿಕ ಈಗ ಹೆಣ್ಣು ಅಂತ. ಆಮೇಲೆ ಅವರು ಏನು ಉಟ್ಟರು, ಹೇಗೆ ಕೂತರು ಎಲ್ಲ ಸುದ್ದಿ.

ಅವರಿಗಿಂತ ಮುಂಚೆಯೇ ಬ್ರಿಟನ್ನಿನಲ್ಲಿ ಮೈಕೆಲ್ ಡಿಲನ್ ಇದ್ದರು. 1939ರಲ್ಲೇ ಟೆಸ್ಟೋಸ್ಟೆರಾನ್ ಶುರು ಮಾಡಿದ್ದರು, 1946ರಿಂದ ಹೆರಾಲ್ಡ್ ಗಿಲೀಸ್ ಅನ್ನುವ ಸರ್ಜನ್ ಹತ್ತಿರ ಸಾಲು ಸಾಲು ಆಪರೇಷನ್ ಮಾಡಿಸಿಕೊಂಡರು, ವೈದ್ಯರಾಗಿ ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಯಾರಿಗೂ ಸುಳಿವಿಲ್ಲ. 1958ರಲ್ಲಿ ಸಿಕ್ಕಿಬಿದ್ದದ್ದು ಮುಖ ನೋಡಿ ಅಲ್ಲ, ಕಾಗದ ನೋಡಿ. ಶ್ರೀಮಂತ ಮನೆತನಗಳ ವಂಶಾವಳಿ ಅಚ್ಚು ಹಾಕುವ ಎರಡು ಪುಸ್ತಕಗಳಿದ್ದವು. ಒಂದರಲ್ಲಿ ಅವರು ಅಣ್ಣನಿಗೆ ತಮ್ಮ ಅಂತ ಇತ್ತು, ಇನ್ನೊಂದರಲ್ಲಿ ತಂಗಿ ಅಂತ ಇತ್ತು. ಪತ್ರಕರ್ತರು ಹಡಗಿನವರೆಗೂ ಬಂದರು. ಡಿಲನ್ ಕೆಲಸ, ದೇಶ ಎರಡೂ ಬಿಟ್ಟು ಬೌದ್ಧ ಮಠ ಸೇರಿದರು. 1962ರಲ್ಲಿ ತೀರಿಕೊಂಡರು.

ಹಳೆ ಮಾರ್ಕ್ಸ್ ಕಾರ್ಡು, ಹಳೆ ಅನುಭವ ಪತ್ರ ಇಟ್ಟುಕೊಂಡು ಕೆಲಸ ಹುಡುಕುವ ಟ್ರಾನ್ಸ್ ಗಂಡಸರಿಗೆ ಇದು ಹಳೆಯ ಕಥೆ ಅನ್ನಿಸುವುದಿಲ್ಲ, ಅಲ್ವಾ?

ಬೆಳ್ಳಿಕೂದಲು

ಇಷ್ಟು ಹೊತ್ತು ಎಲ್ಲರೂ ಪಾಸ್ ಆಗುವವರ ಬಗ್ಗೆಯೇ ಮಾತಾಡಿದಿರಿ. ನಾನು ಐವತ್ತು ದಾಟಿದ ಮೇಲೆ ಶುರು ಮಾಡಿದವಳು. ಪಾಸ್ ಆಗುವುದಿಲ್ಲ, ಆಗುವ ಆಸೆಯನ್ನೂ ಬಿಟ್ಟಿದ್ದೇನೆ. ಜನ ನೋಡುತ್ತಾರೆ, ನಾನೂ ತಿರುಗಿ ನೋಡುತ್ತೇನೆ. ಬೇಸರ ಆಗುವುದು ಬೇರೆ ವಿಷಯಕ್ಕೆ. ಪಾಸ್ ಆಗುವ ಟ್ರಾನ್ಸ್ ಹುಡುಗಿಯರೇ ಕೆಲವರು ನನ್ನ ಜೊತೆ ಹೊರಗೆ ಬರಲು ಹಿಂಜರಿಯುತ್ತಾರೆ. ನನ್ನ ಪಕ್ಕ ನಿಂತರೆ ಅವರ ಗುಟ್ಟೂ ಹೊರಬೀಳುತ್ತದೆ ಅಂತ. ತಪ್ಪು ಅನ್ನಲಾರೆ, ಅವರಿಗೂ ಬದುಕಬೇಕು. ಆದರೂ ಹೇಳಿಬಿಡಬೇಕು ಅನ್ನಿಸಿತು.

ಮುಂಗೋಪಿ

ಬೆಳ್ಳಿಕೂದಲು ಅಕ್ಕ, ನನ್ನ ಜೊತೆ ಬನ್ನಿ. ಇಬ್ಬರೂ ಸೇರಿ ಬೈಸಿಕೊಳ್ಳೋಣ.

ನೆಲಸಂಪಿಗೆ

ಒಂದು ಪ್ರಶ್ನೆ ಉಳಿದಿದೆ. ತಮ್ಮನ ದಾಖಲೆಯಲ್ಲಿ ಈಗ ಗಂಡು ಅಂತಿದೆ. ಗರ್ಭಕೋಶ ತೆಗೆಸಿಲ್ಲ. ಹೆಂಗಸರ ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಮಾತೇ ಬಿಟ್ಟುಬಿಡುತ್ತಾನೆ. ಮೊದಲ ಸಲ ಹೋದಾಗ ಅವನ ಹೆಸರು ಕೂಗಿ, ಎದ್ದವನ ಗಡ್ಡ ನೋಡಿ, ‘ಪೇಷಂಟ್ ಎಲ್ಲಿ’ ಅಂದರಂತೆ. ಕೂತಿದ್ದವರೆಲ್ಲ ತಿರುಗಿ ನೋಡಿದರಂತೆ. ಈಗ ಪರೀಕ್ಷೆ ನಿಜಕ್ಕೂ ಬೇಕಾ?

ಹಳೇ ರೇಡಿಯೋ

ಬೇಕು. ಗರ್ಭಕಂಠ ಇರುವವರೆಗೂ ಅದರ ತಪಾಸಣೆ ಬೇಕು, ಗಡ್ಡ ಇದ್ದರೂ. ಟ್ರಾನ್ಸ್ ಹೆಂಗಸರಿಗೂ ಹೇಳುತ್ತೇನೆ, ಕೆಳಗಿನ ಆಪರೇಷನ್ ಆದರೂ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) ಒಳಗೇ ಇರುತ್ತದೆ, ಮರೆಯಬೇಡಿ.

ರಾಬರ್ಟ್ ಈಡ್ಸ್ ಅಂತ ಅಮೆರಿಕದ ಟ್ರಾನ್ಸ್ ಗಂಡು ಇದ್ದರು. ಅಂಡಾಶಯದ ಕ್ಯಾನ್ಸರ್. ಇಪ್ಪತ್ತಕ್ಕೂ ಹೆಚ್ಚು ಡಾಕ್ಟರುಗಳು ಚಿಕಿತ್ಸೆ ಕೊಡಲು ಒಪ್ಪಲಿಲ್ಲ. ಇಂಥವರು ಕೂತಿದ್ದರೆ ಬೇರೆ ರೋಗಿಗಳಿಗೆ ಮುಜುಗರ ಅನ್ನುವುದೂ ಒಂದು ನೆಪ. 1999ರಲ್ಲಿ ತೀರಿಕೊಂಡರು. ಇವತ್ತೂ ಇಂಗ್ಲೆಂಡಿನಂಥ ಕಡೆ ದಾಖಲೆಯಲ್ಲಿ ಗಂಡು ಅಂತ ಬರೆಸಿದರೆ ಗರ್ಭಕಂಠದ ತಪಾಸಣೆಗೆ ಕರೆಯುವ ಪತ್ರ ತಾನಾಗಿ ಬರುವುದಿಲ್ಲ, ನಾವೇ ಕೇಳಬೇಕು. ಪೂರ್ತಿ ಪಾಸ್ ಆದವನು ಸಿಕ್ಕಿಕೊಳ್ಳುವುದು ಇಲ್ಲೇ.

ತಮ್ಮನಿಗೆ ಇಷ್ಟು ಹೇಳಿ. ಟೆಸ್ಟೋಸ್ಟೆರಾನ್‌ನಿಂದ ಒಳಗಿನ ಚರ್ಮ ತೆಳ್ಳಗಾಗಿ ಪರೀಕ್ಷೆ ನೋಯಬಹುದು, ಮಾದರಿ ಸರಿಯಾಗಿ ಸಿಗದೆ ಮತ್ತೆ ಕರೆಯಲೂಬಹುದು. ಚಿಕ್ಕ ಸ್ಪೆಕ್ಯುಲಮ್ (ಪರೀಕ್ಷೆಗೆ ಒಳಗೆ ಹಾಕಿ ಅಗಲಿಸುವ ಸಾಧನ) ಬಳಸಿ ಅಂತ ಮೊದಲೇ ಕೇಳಲಿ. ಮುಂಚಿನ ಒಂದೆರಡು ವಾರ ಹಚ್ಚಲು ಈಸ್ಟ್ರೊಜೆನ್ ಕ್ರೀಮ್ ಕೊಡುತ್ತಾರೆ, ಅದು ಗಡ್ಡವನ್ನೇನೂ ಉದುರಿಸುವುದಿಲ್ಲ. ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್) ಪರೀಕ್ಷೆಗೆ ಮಾದರಿಯನ್ನು ತಾನೇ ತೆಗೆದುಕೊಡುವ ಕಿಟ್ ಕೆಲವು ಕಡೆ ಇದೆ, ಅದನ್ನೂ ವಿಚಾರಿಸಲಿ. ಮುಟ್ಟು ನಿಂತಿದ್ದರೂ ಟೆಸ್ಟೋಸ್ಟೆರಾನ್ ಗರ್ಭ ತಡೆಯುವ ಔಷಧಿ ಅಲ್ಲ ಅನ್ನುವುದೂ ಗೊತ್ತಿರಲಿ. ದಿನದ ಮೊದಲ ಅಪಾಯಿಂಟ್‌ಮೆಂಟ್ ತಗೊಳ್ಳಿ, ಕಾಯುವ ಕೋಣೆ ಖಾಲಿ ಇರುತ್ತದೆ. ಹೆಸರು ಕೂಗಬೇಡಿ, ಫೋನ್ ಮಾಡಿ ಕರೆಯಿರಿ ಅಂತ ಹಿಂದಿನ ದಿನವೇ ಹೇಳಿಡಿ.

ನೀವೂ ಜೊತೆಗೆ ಹೋಗಿ. ರಿಸೆಪ್ಷನ್‌ನವರು ನಿಮ್ಮನ್ನೇ ಪೇಷಂಟ್ ಅಂದುಕೊಂಡು ನಿಮ್ಮ ಬಿಪಿ ನೋಡಲು ಬರುತ್ತಾರೆ. ಅದಕ್ಕೆ ಮಾತ್ರ ಬಿಡಬೇಡಿ.